ಬಫಿಂಗ್ ಕರಿಬಸಪ್ಪನ ವಾಚುಗಳು

ಕರಿಬಸಪ್ಪ ಮೊದಲನೇ ಸಲ ನನ್ನ ಅಂಗಡಿಗೆ ಬಂದಾಗ ನಾನು ಅವನನ್ನು ಬೈದು ಓಡಿಸಿದ್ದೆ. ಅವನ ಕತೆ ಹೇಳಲು ಕೂತವನು ನನ್ನ ತಪ್ಪು ಬಚ್ಚಿಟ್ಟುಕೊಳ್ಳಬಾರದು, ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ. ಇದಕ್ಕಿಂತ ದೊಡ್ಡ ತಪ್ಪು ಮುಂದೆ ಇದೆ.

ಅದು ಎರಡು ಸಾವಿರದ ಮೂರನೇ ಇಸವಿ. ಜಾಲಹಳ್ಳಿಯ ಗಡಿಯಾರದ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ವಾಚು ಜೋಡಿಸಿ, ಸ್ವಯಂನಿವೃತ್ತಿ ತೆಗೆದುಕೊಂಡು, ಮಾಕಳಿಯ ನಮ್ಮ ಮನೆ ಜಗುಲಿಯ ಮೇಲೆ ಗಾಜಿನ ಪೆಟ್ಟಿಗೆ ಇಟ್ಟುಕೊಂಡು ರಿಪೇರಿ ಅಂಗಡಿ ಮಾಡಿದ್ದೆ. ಮೊಬೈಲು ಬಂದ ಮೇಲೆ ವಾಚು ಯಾರಿಗೆ ಬೇಕು ಎಂದು ಊರವರು ನಗುತ್ತಿದ್ದರು. ಮನೆಯ ಹಿಂದೆ ಅಪ್ಪನ ರಾಗಿ ಹೊಲ ಇದ್ದ ಜಾಗದಲ್ಲಿ ಶೀಟು ಹೊದಿಸಿದ ರೂಮುಗಳನ್ನು ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದೆ. ಹೊಟ್ಟೆಗೆ ಅದು, ಕೈ ಸುಮ್ಮನಿರಬಾರದೆಂದು ಇದು.

ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು ಒಂದು ಸಣ್ಣ ಸ್ಕ್ರೂ ಹುಡುಕುತ್ತಿದ್ದೆ. ಯಾರೋ ಗಾಜಿನ ಮೇಲೆ ಏನೋ ಇಟ್ಟರು.

"ಅಣ್ಣಾರ, ಈ ಚೀಟಿ ನಿಮ್ಮದೇನ್ರಿ?"

ಬೆಂಕಿಪೊಟ್ಟಣದಷ್ಟು ಅಗಲದ ರಟ್ಟಿನ ಚೂರು. ಅದರ ಮೇಲೆ ಪೆನ್ನಿನಲ್ಲಿ ಇಪ್ಪತ್ತಮೂರು ಎಂದು ಅಂಕಿ. ಹಾಳಾಗಬಾರದೆಂದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ.

"ನಂದಲ್ಲ."

"ಸರಿಯಾಗಿ ನೋಡ್ರಿ ಅಣ್ಣಾರ."

"ಏನಯ್ಯಾ, ನಾನ್ ಬರ್ದಿದ್ ಚೀಟಿ ನಂಗೆ ಗೊತ್ತಾಗಲ್ವಾ? ಕೆಲ್ಸದ ಒತ್ನಲ್ಲಿ ಬಂದು ತಲೆ ತಿನ್ಬೇಡ. ಓಗಯ್ಯ ಅತ್ಲಾಗೆ!"

ಹೋದ. ಒಂದು ಗಂಟೆ ಬಿಟ್ಟು ನೋಡಿದರೆ ಎದುರಿನ ಬಸ್ ಸ್ಟಾಪಿನ ಕಲ್ಲಿನ ಮೇಲೆ ಕೂತು ನನ್ನ ಗಾಜಿನ ಪೆಟ್ಟಿಗೆಯನ್ನೇ ನೋಡುತ್ತಿದ್ದಾನೆ. ಮುಖವೆಲ್ಲ ಕಪ್ಪು ಮಸಿ, ಕಣ್ಣು ಮಾತ್ರ ಬೆಳ್ಳಗೆ. ನನ್ನ ಹೆಂಡತಿ ಅನುಸೂಯಮ್ಮ ಒಳಗಿಂದ ಬಂದು, "ಯಾರ್ರೀ ಅದು ಪಾಪ, ನೀರಾದ್ರೂ ಕೊಡಬಾರ್ದಾ" ಎಂದು ಕರೆದೇ ಬಿಟ್ಟಳು. ಚೊಂಬಿನ ನೀರು ಎತ್ತಿ ಕುಡಿದು, ಪೆಟ್ಟಿಗೆಯ ಮೂಲೆಯಲ್ಲಿದ್ದ ಒಂದು ಕಪ್ಪು ಮುಖದ ವಾಚನ್ನು ತೋರಿಸಿ ಕೇಳಿದ: "ಅದನ್ನೊಮ್ಮೆ ಕೊಡ್ರಿ."

ಅದು ಮಿಲಿಟರಿ ವಾಚು. ಕಪ್ಪು ಡಯಲ್ಲು, ಬಿಳಿ ಅಂಕಿ, ಒಳಸುತ್ತಿನಲ್ಲಿ ಇಪ್ಪತ್ತನಾಲ್ಕು ಗಂಟೆಯ ಸಣ್ಣ ಅಂಕಿಗಳು, ಕತ್ತಲೆಯಲ್ಲಿ ಹೊಳೆಯುವ ಮುಳ್ಳು. ಕೀಲಿ ಕೊಟ್ಟರೆ ಒಂದೂವರೆ ದಿನ ಓಡುತ್ತದೆ. ಅಂಥವನ್ನು ನಾನೇ ಎಷ್ಟೋ ಜೋಡಿಸಿದ್ದೇನೆ, ನನ್ನದೇ ಒಂದು ಡ್ರಾಯರಿನಲ್ಲಿ ಮಲಗಿತ್ತು. ಅವನು ಪೆಟ್ಟಿಗೆಯಲ್ಲಿದ್ದುದನ್ನು ಕಿವಿಗೆ ಹಿಡಿದುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ಕೇಳಿದ. ಆಮೇಲೆ, "ಅಲ್ಲ ಅನಸ್ತೈತ್ರಿ. ಆದ್ರ ಹೌದೂ ಅನಸ್ತೈತಿ" ಎಂದ.

"ಏನು ಅಲ್ಲ, ಏನು ಔದು? ಬಿಡಿಸಿ ಏಳಯ್ಯ."

ಹೇಳಿದ. ಯಲಬುರ್ಗಾ ಕಡೆಯ ಹಳ್ಳಿ. ಆರು ವರ್ಷಕ್ಕೇ ತಾಯಿ ಸತ್ತಳು. ಅಣ್ಣ ಭರಮಪ್ಪ ಮಿಲಿಟರಿ ಸೇರಿದ. ಅಣ್ಣನ ಹೆಂಡತಿ ಸಿದ್ದಕ್ಕ ಈ ಮೈದುನನಿಗೆ ಎಣ್ಣೆ ಹಚ್ಚಿ, ಎರೆದು, ಉಣ್ಣಿಸಿ ಬೆಳೆಸಿದಳು. ಅವಳಿಗೆ ಮಕ್ಕಳಾಗಲಿಲ್ಲ, ಇವನೇ ಮಗನಾದ. ತೊಂಬತ್ತಾರರಲ್ಲಿ ಎಲ್ಲೋ ಬೆಟ್ಟದ ದಾರಿಯಲ್ಲಿ ಲಾರಿ ಉರುಳಿ ಭರಮಪ್ಪ ಹೋಗಿಬಿಟ್ಟ. ಮನೆಗೆ ಒಂದು ಕಬ್ಬಿಣದ ಪೆಟ್ಟಿಗೆ ಬಂತು. ಅದರಲ್ಲಿ ಬಟ್ಟೆ, ತಟ್ಟೆ, ಲೋಟ, ವಾಚು. ಎರಡು ವರ್ಷದ ಮೇಲೆ ಇವನು ಬೆಂಗಳೂರಿಗೆ ಹೊರಟಾಗ ಸಿದ್ದಕ್ಕ ಆ ವಾಚನ್ನು ತಾನೇ ಇವನ ಕೈಗೆ ಕಟ್ಟಿ, "ದುಡಿಯೂದು ಇದ್ದದ್ದ. ಹೊತ್ತು ನೋಡಿ ಉಣ್ಣು" ಎಂದು ಕಳಿಸಿದಳಂತೆ.

ಅದಕ್ಕಿದ್ದದ್ದು ಒಂದೇ ತುಂಡಿನ ಬಟ್ಟೆಯ ಪಟ್ಟಿ. ವಾಚಿನ ಬೆನ್ನಿನ ಕೆಳಗಿಂದ ಹಾದು ಬರುವಂಥದು. ಪಟ್ಟಿ ಸಿಕ್ಕಿಸುವ ಎರಡು ಕಡ್ಡಿಯಲ್ಲಿ ಒಂದು ಮುರಿದರೂ ವಾಚು ಬೀಳಬಾರದೆಂದು ಮಿಲಿಟರಿಯವರು ಕಂಡುಕೊಂಡ ಉಪಾಯ ಅದು. ಆ ಪಟ್ಟಿ ಇರುವಾಗ ವಾಚಿನ ಬೆನ್ನು ಕಾಣುವುದಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಪೀಣ್ಯದ ಬಫಿಂಗ್ ಶೆಡ್ಡಿಗೆ ಸೇರಿದ ಮೂರನೇ ತಿಂಗಳಿಗೆ ವಾಚಿನೊಳಗೆ ನೀರು ಹೋಯಿತು. ಬಸ್ ಸ್ಟ್ಯಾಂಡಿನ ಹತ್ತಿರ ಫುಟ್‌ಪಾತಿನಲ್ಲಿ ಕೂರುತ್ತಿದ್ದ ಒಬ್ಬ ರಿಪೇರಿಯವನಿಗೆ ಕೊಟ್ಟ. ಅವನು ಈ ಇಪ್ಪತ್ತಮೂರರ ಚೀಟಿ ಕೊಟ್ಟು, ಬರುವ ಭಾನುವಾರ ಬಾ ಎಂದ. ಆ ಭಾನುವಾರ ಓವರ್‌ಟೈಮ್ ಬಿತ್ತು. ಅದರ ಮುಂದಿನ ಭಾನುವಾರ ಹೋದರೆ ಫುಟ್‌ಪಾತನ್ನೇ ಕಿತ್ತು ಹೊಸ ಕಲ್ಲು ಹಾಸುತ್ತಿದ್ದಾರೆ. ರಿಪೇರಿಯವನೂ ಇಲ್ಲ, ಪಕ್ಕದಲ್ಲಿ ಬಾಚಣಿಗೆ ಮಾರುತ್ತಿದ್ದವನೂ ಇಲ್ಲ. ಅವತ್ತಿನಿಂದ ಐದು ವರ್ಷ, ರಜೆ ಸಿಕ್ಕಾಗಲೆಲ್ಲ ಬೆಂಗಳೂರಿನ ವಾಚ್ ರಿಪೇರಿಯವರ ಹತ್ತಿರ ಹೋಗಿ ಆ ಚೀಟಿ ತೋರಿಸುತ್ತಿದ್ದಾನೆ.

"ಊರಲ್ಲಿ ಏನ್ ಏಳಿದೀಯ?"

"ರಿಪೇರಿಗೆ ಕೊಟ್ಟೀನಿ ಅಂತ ಹೇಳೀನ್ರಿ."

"ಐದು ವರ್ಷದಿಂದಾನಾ?"

"ಹೂನ್ರಿ" ಎಂದು ತಲೆ ತಗ್ಗಿಸಿದ. ನನಗೆ ನಗು ಬರುವುದರಲ್ಲಿತ್ತು, ತಡೆದುಕೊಂಡೆ. ಕಳೆದವನು ನನ್ನ ಕಸುಬಿನವನೇ ತಾನೆ. ಯಾವನೋ ಗೊತ್ತಿಲ್ಲ, ಪಾಪ ಅವನಿಗೇನು ಕಷ್ಟ ಬಂತೋ, ಆದರೂ ಚೀಟಿ ಕೊಟ್ಟ ಮೇಲೆ ವಾಚು ವಾಪಸ್ಸು ಕೊಡಬೇಕು. ಅದು ನಮ್ಮ ಧರ್ಮ. ಪೆಟ್ಟಿಗೆಯಲ್ಲಿದ್ದ ಆ ಕಪ್ಪು ವಾಚನ್ನು ಅವನಿಗೇ ಕೊಟ್ಟುಬಿಟ್ಟೆ. ಮುಂದಿನ ತಿಂಗಳು ಅವನು ನಮ್ಮ ಹಿಂದಿನ ರೂಮಿಗೇ ಬಾಡಿಗೆಗೆ ಬಂದ.

ಬಫಿಂಗ್ ಕೆಲಸ ನೋಡದವರಿಗೆ ಹೇಳುತ್ತೇನೆ. ಮೋಟಾರಿಗೆ ಬಟ್ಟೆಯ ಚಕ್ರ ಕಟ್ಟಿ, ಅದಕ್ಕೆ ಹಸಿರು ಮೇಣ ಹಚ್ಚಿ, ನಲ್ಲಿ, ಹಿಡಿಕೆ, ಪಂಪಿನ ಭಾಗಗಳನ್ನೆಲ್ಲ ಒತ್ತಿ ಹಿಡಿದು ಹೊಳಪು ಬರಿಸುವುದು. ಹೊರಗೆ ಬರುವ ಸಾಮಾನು ಬೆಳ್ಳಿಯ ಹಾಗೆ, ಮಾಡಿದವನು ಇದ್ದಿಲಿನ ಹಾಗೆ. ಆ ಕೆಲಸದಲ್ಲಿ ಗೀರು ಅಂದರೆ ದೋಷ. ಒಂದು ಗೀರು ಉಳಿದರೂ ಸೂಪರ್‌ವೈಸರ್ ಸಾಮಾನು ವಾಪಸ್ಸು ಎಸೆಯುತ್ತಾನೆ. ಕರಿಬಸಪ್ಪನ ಕೈಯಿಂದ ಬಂದದ್ದು ಒಂದೂ ವಾಪಸ್ಸು ಬರುತ್ತಿರಲಿಲ್ಲ. ಶೆಡ್ಡಿನಲ್ಲಿ ಅವನ ಹೆಸರೇ ಬಫಿಂಗ್ ಕರಿಬಸಪ್ಪ. ಅವನ ಬೆರಳ ತುದಿಗಳು ಎಷ್ಟು ಸವೆದಿದ್ದವೆಂದರೆ, ಆಮೇಲೆ ಆಧಾರ್ ಕಾರ್ಡು ಮಾಡಿಸಲು ಹೋದಾಗ ಮಿಷನ್ನಿಗೆ ಅವನ ಬೆರಳ ಗುರುತೇ ಸಿಗಲಿಲ್ಲ. ಕಂಪ್ಯೂಟರಿನವಳು, "ಅಣ್ಣ, ಕೈ ತೊಳ್ಕೊಂಡ್ ಬನ್ನಿ" ಎಂದು ಮೂರು ಸಲ ಕಳಿಸಿದಳಂತೆ.

ನನ್ನಿಂದ ಒಯ್ದ ಆ ವಾಚನ್ನು ಮಾರನೇ ವಾರ ತಂದು, "ಅಣ್ಣಾರ, ಇದರ ಬೆನ್ನಿನ ಮುಚ್ಚಳ ಬಿಚ್ಚಿ ಕೊಡ್ರಿ. ಭಾಳ ಗೀರು ಅದಾವು. ಒಂದು ಕೈ ಹೊಳಪು ಕೊಟ್ಟು ತರ್ತೀನಿ" ಎಂದ. ಬಿಚ್ಚಿ ಕೊಟ್ಟೆ. ಸಂಜೆಗೆ ಒಳಗೂ ಹೊರಗೂ ಕನ್ನಡಿ ಮಾಡಿಕೊಂಡು ಬಂದ. "ಬಲೇ, ಫ್ಯಾಕ್ಟರೀಲೂ ಇಂಗ್ ಬರ್ತಿರ್ಲಿಲ್ಲ ಕಣಯ್ಯ!" ಎಂದು ನಾನೂ ಹೊಗಳಿದೆ. ಅವನ ಮುಖ ಅರಳಿತು. ಹೊಗಳಿದ ನನ್ನ ನಾಲಿಗೆ ಆಗಲೇ ಬಿದ್ದುಹೋಗಬಾರದಿತ್ತೆ!

ಆಮೇಲೆ ಭಾನುವಾರ ಬಂದರೆ ಸಾಕು, ಸಂಡೇ ಬಜಾರಿಗೆ ಹೊರಟ. ನೆಲದ ಮೇಲೆ ಹಳೇ ಬೂಟು, ಮಿಕ್ಸಿ, ರೇಡಿಯೋ ಹರಡಿಕೊಂಡು ಕೂತವರ ಮುಂದೆ ಕುಕ್ಕರುಗಾಲಲ್ಲಿ ಕೂತು ಕಪ್ಪು ಮುಖದ ವಾಚು ಹುಡುಕುವುದು. ಸಿಕ್ಕಿತೋ, ಕಿವಿಗೆ ಹಿಡಿಯುವುದು. "ಇದ ಇರಬೇಕ್ರಿ ಅಣ್ಣಾರ, ಈ ಸಲ ಖರೇ" ಎಂದು ಓಡಿ ಬರುತ್ತಿದ್ದ. ನಾಲ್ಕು ದಿನ ಕಟ್ಟಿಕೊಳ್ಳುತ್ತಿದ್ದ. ಐದನೇ ದಿನ ಸಂಶಯ. ಮತ್ತೆ ಭಾನುವಾರ. ಒಂದೇ ಅಚ್ಚಿನಲ್ಲಿ ಸಾವಿರಾರು ತೆಗೆದ ವಾಚಿನಲ್ಲಿ ಅಣ್ಣನದು ಯಾವುದು ಎಂದು ಸದ್ದು ಕೇಳಿ ಹೇಳಲು ಆಗುತ್ತದೆಯೆ? ಜೋಡಿಸಿದ ನನಗೇ ಆಗುವುದಿಲ್ಲ. ಹೇಳಿದರೆ ಕೇಳುವವನಲ್ಲ.

ನಾನು ಕೊಟ್ಟದ್ದೂ ಸೇರಿ ಮೊದಲ ಏಳು ವಾಚುಗಳ ಮುಚ್ಚಳವನ್ನೂ ನಾನು ಬಿಚ್ಚಿ ಕೊಟ್ಟೆ, ಅವನು ಒಳಗೂ ಹೊರಗೂ ತಿಕ್ಕಿ ತಂದ. ಎಂಟನೆಯದಕ್ಕೆ ಶೆಡ್ಡಿನ ಮಾಲೀಕ ಕಂಡು, ಸ್ವಂತ ಕೆಲಸಕ್ಕೆ ಚಕ್ರ ಮುಟ್ಟಬೇಡ ಎಂದು ಗದರಿದ. ಅದಕ್ಕೇ ಮುಂದಿನವು ಇದ್ದ ಹಾಗೇ ಉಳಿದವು. ಬುದ್ಧಿ ಬಂದು ಬಿಟ್ಟದ್ದಲ್ಲ.

ಎರಡು ಸಾವಿರದ ಹನ್ನೆರಡರ ಹೊತ್ತಿಗೆ ಬಿಸ್ಕತ್ತಿನ ತಗಡಿನ ಡಬ್ಬದಲ್ಲಿ ಮೂವತ್ತನಾಲ್ಕು ವಾಚು. ಹುಡುಕುವುದು ಯಾವಾಗ ಕೂಡಿಡುವುದಾಯಿತೋ ಅವನಿಗೇ ತಿಳಿಯದು. ಸಂಡೇ ಬಜಾರಿಗೆ ಹೋಗುವ ಮುಂಚೆ ಬೆಳಿಗ್ಗೆ ನಮ್ಮ ಜಗುಲಿಯ ಮೇಲೆ ಬಟ್ಟೆ ಹಾಸಿ ಎಲ್ಲವನ್ನೂ ಸಾಲಾಗಿಟ್ಟು ಕೀಲಿ ಕೊಡುತ್ತಿದ್ದ. ಅನುಸೂಯಮ್ಮ ಅವನಿಗೆ ಉಪ್ಪಿಟ್ಟು ತಂದಿಟ್ಟು ಕಾಡಿಸುವಳು: "ಹುಚ್ಚು ಬಿಡೋವರೆಗೂ ಮದುವೆ ಆಗಲ್ಲ, ಮದುವೆ ಆಗೋವರೆಗೂ ಹುಚ್ಚು ಬಿಡಲ್ಲ. ವಾಚ್ ಕಟ್ಕೊಂಡಿದ್ ಸಾಕು, ಒಂದ್ ತಾಳಿ ಕಟ್ಟಪ್ಪ." ಅವನು ನಗುತ್ತಿದ್ದ, ನಕ್ಕರೆ ಕೆಮ್ಮು ಬರುತ್ತಿತ್ತು. ಒಂದು ವಾಚು ವಾಪಸ್ಸು ತಂದುಕೊಡಲಾಗದವನು ಯಾವಳಿಗೆ ಏನು ಮಾತು ಕೊಡಲಿ ಎಂದು ಒಂದು ದಿನ ನನ್ನ ಹತ್ತಿರ ಹೇಳಿದ್ದ.

ಊರಿಂದ ಸಿದ್ದಕ್ಕನ ಫೋನು ಬರುವುದು. ಅವನು ಸ್ಪೀಕರಿಗೆ ಹಾಕಿಯೇ ಮಾತಾಡುವವನು.

"ಉಂಡೀಯೇನೋ?"

"ಉಂಡೀನಿ ಅತ್ತಿಗವ್ವ."

"ವಾಚು ಬಂತೇನು?"

"ಇಲ್ಲಬೇ. ಒಂದು ಸಾಮಾನು ಸಿಗವಲ್ದಂತ."

"ಅದೇನು ರಿಪೇರಿನೋ ಮಾರಾಯ! ಮುರುಕು ಗುಡಿ ಕಟ್ಟಿ ಕಳಸ ಇಟ್ರು, ನಿನ್ನ ವಾಚು ಮುಗೀವಲ್ದು." ಹೀಗೆ ಹೇಳಿ ತಾನೇ ನಗುತ್ತಿದ್ದಳು. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತೋ ಏನೋ.

ಆ ವರ್ಷವೇ ವೈಟ್‌ಫೀಲ್ಡಿನಿಂದ ಪರಮಾನಂದ ಎಂಬ ಇಂಜಿನಿಯರು ಕಾರಿನಲ್ಲಿ ಬಂದರು. ಹಳೇ ಮಿಲಿಟರಿ ವಾಚು ಕೂಡಿಡುವ ಹವ್ಯಾಸದವರು, ಯಾರೋ ನಮ್ಮ ವಿಷಯ ಹೇಳಿದ್ದರು. ಒಳ್ಳೆಯ ಮನುಷ್ಯ, ಚಪ್ಪಲಿ ಬಿಟ್ಟು ಜಗುಲಿಯ ಮೇಲೆ ನೆಲಕ್ಕೇ ಕೂತರು. ಒಂದೊಂದೇ ವಾಚಿನ ಪಟ್ಟಿ ಬಿಚ್ಚಿ ಬೆನ್ನು ನೋಡತೊಡಗಿದರು. ಒಂದನ್ನು ತಿರುಗಿಸಿ ಕರಿಬಸಪ್ಪನಿಗೆ ತೋರಿಸಿದರು.

"ನೋಡಿ ಅಣ್ಣ, ಎಷ್ಟ್ ಚೆನ್ನಾಗಿ ಉಳ್ದಿದೆ. ಇದು ಯಾರೋ ಸೈನಿಕನ ಸರ್ವಿಸ್ ನಂಬರ್. ತುಂಬಾ ಜನ ತಮ್ಮ ಸಾಮಾನಿನ ಮೇಲೆಲ್ಲ ಹೀಗೆ ಕೊರೆಸ್ಕೊತಾರೆ. ನಮ್ಮಂಥೋರು ಹುಡುಕೋದೇ ಇದನ್ನ."

ಮೊಳೆಯಿಂದ ಗೀಚಿದ ಹಾಗಿದ್ದ ಏಳೆಂಟು ಅಂಕಿ. ನಾನು ಅಂಥವನ್ನು ಎಷ್ಟು ಸಲ ಕಂಡಿಲ್ಲ! ಕಂಡಿದ್ದೆ, ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಪರಮಾನಂದ ಆಮೇಲೆ ಆ ಏಳು ವಾಚಿಗೆ ಬಂದರು. ಒಂದನ್ನು ತಿರುಗಿಸಿದರು, ಎರಡನ್ನು ತಿರುಗಿಸಿದರು. "ಅಯ್ಯೋ! ಇದನ್ನ ಯಾರೋ ಪಾಲಿಶ್ ಮಾಡಿ ಹಾಳ್ ಮಾಡ್ಬಿಟ್ಟಿದ್ದಾರಲ್ಲ. ನಂಬರ್ ಇತ್ತೋ ಇಲ್ವೋ, ಇನ್ನು ದೇವರಿಗೇ ಗೊತ್ತು."

ಕರಿಬಸಪ್ಪ ಕೈಯಲ್ಲಿದ್ದ ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟ. ಪರಮಾನಂದ ಏನನ್ನೂ ಕೊಳ್ಳದೆ, ಏನೋ ಆಗಬಾರದ್ದು ಆಯಿತೆಂದು ತಿಳಿದು, ಮೆಲ್ಲಗೆ ಎದ್ದು ಹೋದರು. ಅವರ ಕಾರು ತಿರುವಿನಲ್ಲಿ ಮರೆಯಾದ ಮೇಲೆ ಅವನು ಊರಿಗೆ ಫೋನು ಹಚ್ಚಿದ.

"ಅತ್ತಿಗವ್ವ, ಅಣ್ಣನ ವಾಚಿನ ಬೆನ್ನ ಮ್ಯಾಲೆ ಏನರ ಬರದಿತ್ತೇನು?"

"ಇತ್ತಲ್ಲಪ್ಪ. ಪೆಟ್ಟಿಗಿ ಮ್ಯಾಲೆ, ಗಂಗಾಳದ ಮ್ಯಾಲೆ ಇರೂ ನಂಬರ ಅದರ ಮ್ಯಾಲೂ ಇತ್ತು. ಪಟ್ಟಿ ತೊಳಿಯಾಕ ಬಿಚ್ಚಿದಾಗೊಮ್ಮೆ ಬೆರಳಾಡಸ್ತಿದ್ನಿ. ಯಾಕೋ?"

"ಸುಮ್ನ ಕೇಳಿದ್ನಿ."

ಮೂರು ತಿಂಗಳು ಕೈಗೆ ಕಟ್ಟಿದ್ದರೂ ಅವನು ಆ ಪಟ್ಟಿ ಬಿಚ್ಚಿರಲಿಲ್ಲ. ಬೆನ್ನು ನೋಡಿಯೇ ಇರಲಿಲ್ಲ. ತಿಕ್ಕದೆ ಉಳಿದ ಇಪ್ಪತ್ತೇಳರ ಬೆನ್ನಿನ ಮೇಲೆ ಆ ನಂಬರು ಕಾಣಲಿಲ್ಲ, ಕೆಲವು ಸವೆದು ಓದಲೂ ಬರುತ್ತಿರಲಿಲ್ಲ. ನನ್ನ ಪೆಟ್ಟಿಗೆಯದೂ ಸೇರಿ ಮೊದಲ ಏಳೂ ವಾಚುಗಳು ಬಂದದ್ದು ಆ ಬಸ್ ಸ್ಟ್ಯಾಂಡಿನ ಸುತ್ತಮುತ್ತಲಿನ ಹಳೇ ಸಾಮಾನಿನವರಿಂದ. ಅಣ್ಣನದು ಸಿಕ್ಕಿದ್ದಿದ್ದರೆ ಅದರಲ್ಲೇ ಸಿಕ್ಕಿರಬೇಕು. ಆ ಏಳನ್ನು ಮಡಿಲಲ್ಲಿ ಹಾಕಿಕೊಂಡು, "ನನ್ನ ಕೈಯಾರೆ ತಿಕ್ಕಿ ಒಗದೆನಲ್ರೀ ಅಣ್ಣಾರ! ಅಣ್ಣನ ಹೆಸರನ್ನ ಗೀರು ಅಂತ ತಿಳಕೊಂಡ್ನಲ್ರೀ!" ಎಂದು ಅತ್ತ. ನಲವತ್ತರ ಹತ್ತಿರದ ಗಂಡಸು ಹಾಗೆ ಬಾಯಿಬಿಟ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಅನುಸೂಯಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದು ನಿಂತಳು.

ನನಗೆ ತಟ್ಟನೆ ಒಂದು ಆಸೆ ಹುಟ್ಟಿತು. ನಮ್ಮ ಕಸುಬಿನಲ್ಲಿ ಒಂದು ಪದ್ಧತಿ ಇದೆ. ವಾಚು ಬಿಚ್ಚಿ ತೊಳೆದವನು ಮುಚ್ಚಳದ ಒಳಮೈಯಲ್ಲಿ ತನ್ನದೊಂದು ಗುರುತು ಗೀಚಿಡುತ್ತಾನೆ. ಗಿರಾಕಿಗೆ ಕಾಣುವುದಿಲ್ಲ, ಮುಂದಿನ ರಿಪೇರಿಯವನಿಗೆ ಕಾಣುತ್ತದೆ. ಭರಮಪ್ಪ ಕಡೆಯ ರಜೆಯಲ್ಲಿ ಬಂದಾಗ ಯಲಬುರ್ಗಾದಲ್ಲಿ ವಾಚು ತೊಳೆಸಿದ್ದನೆಂದು ಸಿದ್ದಕ್ಕನಿಂದಲೇ ತಿಳಿಯಿತು. ಕರಿಬಸಪ್ಪ ಮಾರನೇ ದಿನವೇ ಬಸ್ಸು ಹತ್ತಿ ಹೋಗಿ ಆ ಮುದುಕ ರಿಪೇರಿಯವನನ್ನು ಹುಡುಕಿ, ಅವನ ಗುರುತನ್ನು ಕಾಗದದ ಮೇಲೆ ಬರೆಸಿಕೊಂಡು ಬಂದ. ಮೂರು ಉದ್ದ ಗೀರು, ಅದರ ಮೇಲೊಂದು ಅಡ್ಡ ಗೀರು.

ಮೂವತ್ತನಾಲ್ಕನ್ನೂ ಬಿಚ್ಚಿದೆ. ಇಪ್ಪತ್ತೇಳರಲ್ಲಿ ಯಾರ ಯಾರದೋ ಗುರುತು, ಬೇರೆ ಬೇರೆ ಊರಿನ ಕೈಗಳು. ಮೂರು ಗೀರು ಒಂದರಲ್ಲೂ ಇಲ್ಲ. ಉಳಿದ ಏಳನ್ನು ಬಿಚ್ಚುವ ಮೊದಲೇ ನನಗೆ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ಒಳಗೂ ಹೊರಗೂ ಬರೀ ಹೊಳಪು. ನನ್ನ ಮುಖ, ಅವನ ಮುಖ ಕಾಣುತ್ತಿದ್ದವು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅವನಾದರೂ ಬಫಿಂಗಿನವನು, ಗೀರು ಕಂಡರೆ ತಿಕ್ಕುವುದು ಅವನ ಅನ್ನ. ಇಪ್ಪತ್ತೆರಡು ವರ್ಷ ವಾಚಿನ ಕಾರ್ಖಾನೆಯಲ್ಲಿದ್ದ ಈ ಸೊಣ್ಣಪ್ಪನ ಬುದ್ಧಿ ಎಲ್ಲಿ ಮಣ್ಣು ತಿನ್ನುತ್ತಿತ್ತು? ಮುಚ್ಚಳ ಬಿಚ್ಚಿ ಕೊಟ್ಟದ್ದು ಯಾರ ಕೈ? ಇದನ್ನು ನಾನು ಯಾರಿಗೂ ಹೇಳಿಕೊಳ್ಳಲಾರದೆ ಒಳಗೊಳಗೇ ಬೆಂದೆ.

ಎರಡು ವರ್ಷ ಹಾಗೇ ಕಳೆಯಿತು. ಅವನು ಸಂಡೇ ಬಜಾರಿಗೆ ಹೋಗುವುದನ್ನು ನಿಲ್ಲಿಸಿದ. ಹದಿನಾಲ್ಕರ ಬೇಸಿಗೆಯಲ್ಲಿ ಸಿದ್ದಕ್ಕನಿಂದ ಬಂದ ಫೋನು ಬೇರೆ ಥರ ಇತ್ತು. ಸಕ್ಕರೆ ಕಾಯಿಲೆ ಅವಳ ಎರಡೂ ಕಣ್ಣು ತಿಂದಿತ್ತು, ಈಗ ಮೂತ್ರಪಿಂಡಕ್ಕೆ ಇಳಿದಿತ್ತು. ಡಾಕ್ಟರು ಮನೆಗೆ ಕರೆದುಕೊಂಡು ಹೋಗಿ ಎಂದಿದ್ದರು. ಅವಳ ದನಿಯಲ್ಲಿ ನಗು ಇರಲಿಲ್ಲ.

"ಕರಿಬಸೂ, ವಾಚು ರಿಪೇರಿ ಆಗಿರದಿದ್ರೂ ಅಡ್ಡಿ ಇಲ್ಲ, ಹಂಗ ತಗೊಂಡು ಬಾ. ಒಮ್ಮೆ ಕೈಯಾಗ ಹಿಡೀಬೇಕು ಅನಸೇತಿ."

ಅವನು ಫೋನು ಹಿಡಿದುಕೊಂಡೇ ಕೂತುಬಿಟ್ಟ. "ಬರ್ತೀನಬೇ, ನಾಡದು ಬರ್ತೀನಿ" ಎಂದು ಫೋನು ಇಟ್ಟ.

ಮಾರನೇ ದಿನ ಅವನು ಕೆಲಸಕ್ಕೆ ಹೋದ ಮೇಲೆ ನಾನು ಒಳಕೋಣೆಯ ಬಾಗಿಲು ಎಳೆದುಕೊಂಡು ಕೂತೆ. ಡ್ರಾಯರಿನಿಂದ ನನ್ನ ಸ್ವಂತ ವಾಚು ತೆಗೆದೆ. ನಾನೇ ಜೋಡಿಸಿ, ನಾನೇ ಕೊಂಡು, ಕಾರ್ಖಾನೆ ಬಿಡುವ ದಿನದವರೆಗೂ ಕೈಗೆ ಕಟ್ಟಿದ್ದದ್ದು. ಅದರ ಬೆನ್ನಿನ ಮೇಲೆ, ಭರಮಪ್ಪನ ಕಬ್ಬಿಣದ ಪೆಟ್ಟಿಗೆಯ ನಂಬರನ್ನು ಚೂಪು ಉಳಿಯಿಂದ ಒಂದೊಂದೇ ಅಂಕಿ ಕೊರೆದೆ. ನಂಬರು ಅವನ ಬಾಯಲ್ಲಿ ಎಷ್ಟೋ ಸಲ ಕೇಳಿ ನನಗೂ ಬಾಯಿಪಾಠವಾಗಿತ್ತು, ಕೊನೆಗೆ ನಲವತ್ತನಾಲ್ಕು, ಹದಿನೇಳು. ಒಳಗೆ ಮೂರು ಗೀರು, ಒಂದು ಅಡ್ಡ ಗೀರು. ಎಣ್ಣೆಯಲ್ಲಿ ಮಸಿ ಕಲಸಿ ಗೀರಿಗೆ ತುಂಬಿ ಒರೆಸಿದೆ. ಬೇರೆಯವರ ಗುರುತನ್ನು ನಾನು ಯಾವತ್ತೂ ಹಾಕಿದವನಲ್ಲ. ಅವತ್ತು ಹಾಕಿದೆ.

ಸಂಜೆ ಅವನು ಬಂದಾಗ ಆದಷ್ಟು ಸಿಡುಕಿನಿಂದಲೇ ಹೇಳಿದೆ. "ಏಯ್, ಬಾ ಇಲ್ಲಿ. ಯಶವಂತಪುರದ ಅಳೇ ಸಾಮಾನಿನ ಅಂಗಡಿಯೋನೊಬ್ಬ ಇದ್ದಬದ್ದಿದ್ದೆಲ್ಲ ತಂದು ಸುರಿದ. ಅದ್ರಲ್ಲಿ ಇದಿತ್ತು. ನೋಡು, ನಿಮ್ಮಣ್ಣಂದೇನಾ."

ಅವನು ವಾಚು ತೆಗೆದುಕೊಂಡ. ಕಿವಿಗೆ ಹಿಡಿಯಲಿಲ್ಲ. ಬೆನ್ನು ತಿರುಗಿಸಿ, ಬಾಗಿಲ ಬೆಳಕಿಗೆ ಓರೆ ಹಿಡಿದು, ಸವೆದ ಹೆಬ್ಬೆರಳನ್ನು ಅಂಕಿಗಳ ಮೇಲೆ ಮೆಲ್ಲಗೆ ಎಳೆದ. ಒಳಗಿನ ಗುರುತನ್ನೂ ಬಿಚ್ಚಿ ತೋರಿಸಿದೆ. ಬಹಳ ಹೊತ್ತು ನೋಡಿದ. ಆಮೇಲೆ ಬಗ್ಗಿ ನನ್ನ ಕಾಲು ಮುಟ್ಟಿದ.

"ಸಿಕ್ತಲ್ರೀ ಅಣ್ಣಾರ" ಎಂದ. ನಾನು, "ಊಂ, ಸಿಕ್ತಲ್ಲ, ಏಳು ಏಳು" ಎಂದು ಮುಖ ತಿರುಗಿಸಿಕೊಂಡೆ.

ಅವನ ಜೊತೆ ನಾನೂ ಹೋದೆ. ಯಾಕೆ ಹೋದೆನೋ, ಮನಸ್ಸು ತಡೆಯಲಿಲ್ಲ. ಎರಡು ಬಸ್ಸು ಬದಲಿಸಿ ಮಧ್ಯಾಹ್ನದ ಹೊತ್ತಿಗೆ ಊರು ಮುಟ್ಟಿದೆವು. ಸಿದ್ದಕ್ಕ ಪಡಸಾಲೆಯಲ್ಲಿ ಕೌದಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಹಣೆಯ ಮೇಲೆ ವಿಭೂತಿ, ಮೈಯೆಲ್ಲ ಊದಿತ್ತು. ಕರಿಬಸಪ್ಪ ಅವಳ ಅಂಗೈಯಲ್ಲಿ ವಾಚು ಇಟ್ಟು, ಬೆರಳುಗಳನ್ನು ಮಡಿಚಿ, ತನ್ನ ಎರಡೂ ಕೈಯಿಂದ ಹಿಡಿದುಕೊಂಡ.

ಅವಳು ಮೊದಲು ಕಿವಿಗೆ ಹಿಡಿದಳು. ಆಮೇಲೆ ಪಟ್ಟಿಯನ್ನು ತಾನೇ ತಡವಿ ಬಿಚ್ಚಿ, ವಾಚು ಬೋರಲು ಹಾಕಿ, ಹೆಬ್ಬೆರಳಿಂದ ಬೆನ್ನಿನ ಮೇಲೆ ಒಂದೊಂದೇ ಅಂಕಿ ಓದಿದಳು. ಕೊನೆಯ ಏಳಕ್ಕೆ ಬಂದು ಬೆರಳು ನಿಂತಿತು. ಕುರುಡು ಕಣ್ಣಿಂದ ನೀರು ಇಳಿದು ಗದ್ದದ ಮೇಲೆ ಬಂತು.

"ಜೋಡಿ ಬಂದವರು ಯಾರಪ್ಪ?"

"ರಿಪೇರಿ ಮಾಡಿದವರಬೇ. ಸೊಣ್ಣಪ್ಪಣ್ಣಾರು."

ಅವಳು ನಾನಿದ್ದ ಕಡೆಗೆ ಮುಖ ತಿರುಗಿಸಿದಳು. "ರಿಪೇರಿ ಚಲೋ ಮಾಡೀರಿ, ಅಣ್ಣಾ. ಆದ್ರ ಭಾಳ ತಡ ಮಾಡಿದ್ರಿ."

"ಔದು ಕಣಮ್ಮ" ಎಂದೆ. "ತಪ್ಪಾಯ್ತು. ನಂದೇ ತಪ್ಪು." ನನ್ನ ಬದುಕಿನಲ್ಲಿ ಯಾವ ಗಿರಾಕಿಗೂ ಈ ಮಾತು ಹೇಳಿದವನಲ್ಲ ನಾನು. ಅವಳಿಗೆ ಏನು ತಿಳಿಯಿತೋ, ಏನು ತಿಳಿಯಲಿಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ರೊಟ್ಟಿ ಉಂಡೇ ಹೋಗಬೇಕೆಂದು ಪಕ್ಕದ ಮನೆಯವರಿಂದ ಮಾಡಿಸಿ ಹಾಕಿಸಿದಳು.

ನಾನು ಮಾರನೇ ದಿನ ವಾಪಸ್ಸು ಬಂದೆ, ಅವನು ಉಳಿದ. ಒಂಬತ್ತನೇ ದಿನ ಸಿದ್ದಕ್ಕ ತೀರಿಕೊಂಡಳು. ಅವರಲ್ಲಿ ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತಾರೆ. ವಾಚನ್ನು ಅವಳ ಕೈಗೇ ಕಟ್ಟಿ, ಕೀಲಿ ಪೂರ್ತಿ ಕೊಟ್ಟು ಕಳಿಸಿದೆನೆಂದು ಕರಿಬಸಪ್ಪ ಮಾಕಳಿಗೆ ಬಂದ ಮೇಲೆ ಹೇಳಿದ. ನನ್ನ ಮನಸ್ಸು ತನ್ನಷ್ಟಕ್ಕೆ ತಾನೇ ಲೆಕ್ಕ ಹಾಕಿತು. ಮಣ್ಣು ಮಾಡಿದ್ದು ಮಧ್ಯಾಹ್ನ, ಅಂದರೆ ಮಾರನೇ ದಿನ ರಾತ್ರಿಯವರೆಗೆ ಅದು ಒಳಗೆ ಓಡಿರುತ್ತದೆ.

"ಓಗ್ಲಿ ಬಿಡಯ್ಯ, ಅಣ್ಣನ್ ವಾಚು ಅತ್ತಿಗೆ ಜೊತೆಗೇ ಓಯ್ತು" ಎಂದೆ.

ಅವನು ನನ್ನ ಕೈ ಹಿಡಿದುಕೊಂಡು ಹೇಳಿದ. "ಅಣ್ಣ, ಹೊಸಾ ಗೀರಿಗೆ ಅಂಚಿನಾಗ ಮುಳ್ಳು ಇರ್ತೈತ್ರಿ. ವರ್ಷಗಟ್ಲೆ ಕೈಗೆ ಉಜ್ಜಿದ ಮ್ಯಾಲೆ ಅದು ಹೋಗ್ತೈತಿ. ಹದಿನಾರು ವರ್ಷ ಗೀರು ತಿಕ್ಕಾವ ನಾನು. ನಿಮ್ಮ ಅಂಗಡ್ಯಾಗ ಬೆರಳು ಇಟ್ಟ ಕೂಡ್ಲೆ ಗೊತ್ತಾತ್ರಿ."

"ಮತ್ಯಾಕೋ ತಗೊಂಡೋದೆ?"

"ನೀವು ನಿಮ್ಮ ವಾಚು ಕೊಟ್ರಿ. ಬ್ಯಾಡ ಅನ್ನಾಕ ನಾನ್ಯಾರ್ರಿ. ಆಕಿ ಕೈ ಖಾಲಿ ಹೋಗಬಾರದಿತ್ತು."

ಇಷ್ಟು ಹೇಳಿ ಡಬ್ಬ ತಂದು ನನ್ನ ಮುಂದಿಟ್ಟ. ಗುರುತಿದ್ದ ಇಪ್ಪತ್ತೇಳು ವಾಚನ್ನು ಆ ಪರಮಾನಂದ ಸಾಹೇಬರಿಗೆ ಕೊಟ್ಟುಬಿಡಿ, ಅವು ಯಾರ ಯಾರದೋ ಮನೆಯವು, ಅವರು ಚೆನ್ನಾಗಿ ಇಟ್ಟುಕೊಳ್ಳುತ್ತಾರೆ ಎಂದ. ಕನ್ನಡಿಯಾದ ಏಳನ್ನು ಮಾತ್ರ ಎತ್ತಿಕೊಂಡು ಎದ್ದ.

"ಅವನ್ ಇಟ್ಕೊಂಡು ಏನ್ ಮಾಡ್ತೀಯ?"

"ದಿನಕ್ಕೊಂದು ಕಟ್ಕೊಂತೀನ್ರಿ. ಏಳರಾಗ ಒಂದು ಅಣ್ಣಂದ ಇದ್ರ, ವಾರದಾಗ ಒಂದಿನ ಅದು ನನ್ನ ಕೈಯಾಗ ಇದ್ದಂಗಾತಲ್ರಿ."

ಈಗ ಎರಡು ಸಾವಿರದ ಹದಿನೆಂಟು. ಜಾಲಹಳ್ಳಿಯ ಕಾರ್ಖಾನೆ ಮುಚ್ಚಿ ಎರಡು ವರ್ಷವಾಯಿತು. ಕರಿಬಸಪ್ಪನ ಕೆಮ್ಮು ಜಾಸ್ತಿಯಾಗಿ ಚಕ್ರದ ಕೆಲಸ ಬಿಟ್ಟಿದ್ದಾನೆ, ಅದೇ ಶೆಡ್ಡಿನ ಗೇಟಿನಲ್ಲಿ ಕಾವಲಿಗೆ ಕೂರುತ್ತಾನೆ. ದಿನಾ ಬೆಳಿಗ್ಗೆ ಡ್ಯೂಟಿಗೆ ಹೋಗುವಾಗ ನಮ್ಮ ಜಗುಲಿಯ ಮುಂದೆ ನಿಂತು, ಅವತ್ತಿನ ವಾಚಿಗೆ ಕೀಲಿ ಕೊಟ್ಟು, ನನ್ನ ಗೋಡೆ ಗಡಿಯಾರ ನೋಡಿ ಮುಳ್ಳು ಸರಿಮಾಡಿಕೊಳ್ಳುತ್ತಾನೆ. ಇವತ್ತು ಅಣ್ಣಂದೇ ಇರಬಹುದೇನೋ ಎಂದು ಅವನೂ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ನಾನು ಫೋನು ಮಾಡುತ್ತೇನೆ.

"ಉಂಡ್ಯೇನಯ್ಯ?"

"ಈಗ ಡಬ್ಬಿ ತಗದೆ ನೋಡ್ರಿ" ಅನ್ನುತ್ತಾನೆ.